ಮಾಮ, ಅದು ಅಷ್ಟು ಸರಳ ಅಲ್ಲ

ನಮ್ಮಕ್ಕನ ಮಗ ಬೆಂಗಳೂರಿನಲ್ಲಿ ತಂತ್ರಜ್ಞಾನ ಮತ್ತು ವ್ಯಾಪಾರ ನೀತಿಯ ಸಂಶೋಧಕ. ಈ ಪೈಕಿಯವರನ್ನು ಗುರುತಿಸುವುದು ಸುಲಭ. ಹೆಗಲಿಗೆ ಯಾವುದೋ ಸಮ್ಮೇಳನದಲ್ಲಿ ಕೊಟ್ಟ ಬಟ್ಟೆಚೀಲ, ಕೈಯಲ್ಲಿ ಸ್ಟೀಲ್ ಬಾಟಲಿ, ಬಾಯಲ್ಲಿ ಚಿಪ್ ಇಲ್ಲವೇ ಚೀನಾ. ಏನು ಕೇಳಿದರೂ ಮೊದಲ ಉತ್ತರ, "ಮಾಮ, ಅದು ಅಷ್ಟು ಸರಳ ಅಲ್ಲ." ಸಾರಿಗೆ ಉಪ್ಪು ಸಾಕೇನೋ ಅಂದರೂ ಅದೇ.

ಅಡಿಕೆ ಕೊಯ್ಲಿನ ಹೊತ್ತಿಗೆ ಲ್ಯಾಪ್‌ಟಾಪ್ ಸಮೇತ ಕೆರೆಬಿಳಚಿಗೆ ಬರುತ್ತಾನೆ. ಬರಲಿ, ಅವನದೇ ಮನೆ. ಆದರೆ ನೆಟ್‌ವರ್ಕ್ ನೆಟ್ಟಗೆ ಸಿಗುವುದು ಕಣದ ಪಕ್ಕದ ಮೆಟ್ಟಿಲ ಮೇಲೆ. ಕಣದಲ್ಲೋ ಅಡಿಕೆ ಸುಲಿಯುವ ಮಷೀನಿನ ಅಬ್ಬರ. ಹೋದ ಸಲ ಕೈ ಮುಗಿದು ಬಂದ. "ಮಾಮ, ಮೀಟಿಂಗ್ ಇದೆ, ಸ್ವಲ್ಪ ನಿಲ್ಲಿಸ್ತೀರಾ?" ನಿಲ್ಲಿಸಿದೆ. ಆಳುಗಳು ಎಲೆಅಡಿಕೆ ಹಾಕಿಕೊಂಡು ಕೂತರು, ಕೂಲಿ ನನ್ನ ಲೆಕ್ಕಕ್ಕೆ. ಹಂಡೆಯ ಕೆಳಗೆ ಸೌದೆ ಸುಮ್ಮನೆ ಉರಿಯುತ್ತಿತ್ತು, ಸೂಳೆಕೆರೆ ಕಡೆಯಿಂದ ಮೋಡ ಏಳುತ್ತಿತ್ತು. ಇವನ ಇಂಗ್ಲಿಷ್ ಮಾತ್ರ ಮುಗಿಯಲೊಲ್ಲದು.

"ಏನಪಾ ಅಷ್ಟೊತ್ತು ಮಾತಾಡಿದ್ದು?" ಅಡಿಕೆ ಆರಿಸುತ್ತಿದ್ದ ಅಜ್ಜಿ ಕೇಳಿದಳು. ಅವನ ಒಳ್ಳೆಯ ಗುಣ ಇದು: ಯಾರು ಕೇಳಿದರೂ ಕೂತು ಹೇಳುತ್ತಾನೆ. ಇಂಟರ್ನೆಟ್‌ನಲ್ಲಿ ಗಡಿ ದಾಟುವ ಸಿನಿಮಾ, ಹಾಡು, ಸಾಫ್ಟ್‌ವೇರಿಗೆ ಸುಂಕ ಹಾಕುವುದು ಬೇಡವೆಂದು 1998ರಲ್ಲಿ ವಿಶ್ವ ವ್ಯಾಪಾರ ಸಂಘಟನೆಯಲ್ಲಿ ಒಪ್ಪಿಕೊಂಡರಂತೆ. ತಾತ್ಕಾಲಿಕ ಅಂದದ್ದು ಎಳೆಯುತ್ತಲೇ ಬಂತು. ಭಾರತ ತಕರಾರು ತೆಗೆದರೂ 2024ರಲ್ಲಿ ಅಬುಧಾಬಿಯಲ್ಲಿ ಮತ್ತೆ ಮುಂದುವರಿಸಿದರು.

"ಹಂಗಾರೆ ಅಡಿಕೆನೂ ಫೋನ್‌ನಾಗೇ ಕಳಸ್ರಪಾ, ಸುಂಕ ಉಳೀತೈತೆ."

ಕಣವೆಲ್ಲ ನಕ್ಕಿತು. ಇವನು ಗಂಭೀರವಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ನನಗೆ ಬೇಕಿದ್ದದ್ದು ಒಂದೇ: ರಾಶಿ ಈಗ ಮಾರಲೋ, ಇಟ್ಟುಕೊಳ್ಳಲೋ? ಭೂತಾನಿನಿಂದ ಶುರು ಮಾಡಿದ. 2022ರಲ್ಲಿ ಅಲ್ಲಿನ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ಒಳಗೆ ಬಿಟ್ಟದ್ದು, 2023ರ ಫೆಬ್ರವರಿಯಲ್ಲಿ ಆ ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದು. ಮಾರಲೋ ಬೇಡವೋ? ಅದು ಅಷ್ಟು ಸರಳ ಅಲ್ಲ.

ಹೊನ್ನಾಳಿ ಕಡೆಯ ಹೆಣ್ಣಿನವರು ಹುಡುಗ ಏನು ಮಾಡ್ತಾನೆ ಅಂತ ವಿಚಾರಿಸಿದರು. ಸರ್ಕಾರಕ್ಕೆ ಸಲಹೆ ಕೊಡ್ತಾನೆ ಅಂದೆ. ಸರ್ಕಾರ ಕೇಳ್ತದಾ ಅಂದರು. ಕಾಫಿ ಆರ್ತದೆ, ಕುಡೀರಿ ಅಂದೆ.

ಆದರೂ ಒಂದು ಮಾತು. ಊರು ಬಿಟ್ಟ ಹುಡುಗರು ಅಡಿಕೆ ರೇಟು ಕೇಳುವುದನ್ನೂ ಬಿಡುತ್ತಾರೆ. ಇವನು ಆಮದಿನ ಆದೇಶವನ್ನು ಅಕ್ಷರ ಬಿಡದೆ ಓದುತ್ತಾನೆ. ದೆಹಲಿಯ ಏಸಿ ಕೋಣೆಗಳಲ್ಲಿ ಅಂಗಿಗೆ ಚೊಗರಿನ ಕಲೆ ಹತ್ತಿಸಿಕೊಂಡವನೊಬ್ಬ ಕೂತಿರುವುದು ಒಳ್ಳೆಯದೇ. ಇದನ್ನು ಅವನ ಮುಂದೆ ಆಡಬೇಡಿ, ಇದಕ್ಕೂ ಅಡಿಟಿಪ್ಪಣಿ ಕೇಳುತ್ತಾನೆ.

ಮೊನ್ನೆ ಚನ್ನಗಿರಿ ಮಂಡಿಯಲ್ಲಿ ರೇಟು ಇಳಿದಿದೆ ಅಂದವನಿಗೆ ನಾನೇ ಭೂತಾನಿನಿಂದ ಶುರು ಮಾಡಿ 351ರ ತನಕ ಬಿಡಿಸಿ ಹೇಳಿದೆ. ಪಾಪ, ಪೂರ್ತಿ ಕೇಳಿಸಿಕೊಂಡ.

"ಅದೆಲ್ಲ ಸರಿ ಯಜಮಾನ್ರೆ, ಚೀಲ ಇಳಿಸ್ತೀರೋ, ವಾಪಸ್ ಒಯ್ತೀರೋ?"