ತಾರಸಿಗೆ ಕಾಂಕ್ರೀಟ್ ಬೀಳುವ ಮೊದಲು
ಕೇರಳದ ಏಲೂರಿನಲ್ಲಿ ಮನೆ ಕಟ್ಟಿಸುತ್ತಿರುವ ಕನ್ನಡ ಬಂಧುಗಳೇ,

ತಾರಸಿಗೆ ಕಂಬಿ ಕಟ್ಟಿ ಮುಗಿಯುವ ಹೊತ್ತಿಗೆ ಫ್ಯಾನು, ದೀಪದ ಪಾಯಿಂಟುಗಳನ್ನು ಎಲ್ಲರೂ ಗುರುತು ಹಾಕಿಸುತ್ತೀರಿ. ಇಂಟರ್‌ನೆಟ್, ಟಿವಿ, ಸ್ಪೀಕರ್‌ಗಳ ತಂತಿಯ ಮಾತು ಬಂದರೆ ‘ಆಮೇಲೆ ನೋಡೋಣ’. ಆಮೇಲೆ ಆಗುವುದು ಇಷ್ಟೇ: ಸಾರಣೆ ಮುಗಿಸಿ ಬಣ್ಣ ಬಳಿದ ಗೋಡೆಯನ್ನು ಕಟರ್‌ನಿಂದ ಸೀಳುವುದು, ಇಲ್ಲವೇ ಬಾಗಿಲ ಚೌಕಟ್ಟಿನ ಸುತ್ತ ಮೊಳೆ ಹೊಡೆದು ತಂತಿ ಎಳೆಯುವುದು. ದಯವಿಟ್ಟು ಈ ಪಾಡು ತಂದುಕೊಳ್ಳಬೇಡಿ.

ಈಗ ಗೋಡೆಯೊಳಗೆ ಮುಖ್ಯವಾಗಿ ಹೋಗಬೇಕಾದದ್ದು ಖಾಲಿ ಪೈಪು. ಪೈಪಿದ್ದರೆ ಹಳೆಯ ತಂತಿ ಎಳೆದು ಹೊಸದನ್ನು ಯಾವತ್ತು ಬೇಕಾದರೂ ತೂರಿಸಬಹುದು. ಪ್ರತಿ ಕೋಣೆಯ ಪೈಪು ನೇರವಾಗಿ ಒಂದೇ ಪೆಟ್ಟಿಗೆಗೆ ಬರಲಿ. ತಿರುವಿನಲ್ಲಿ ಎಲ್ಬೋ ಬೇಡ, ಉದ್ದದ ಬೆಂಡ್ ಹಾಕಿಸಿ, ಒಳಗೊಂದು ನೈಲಾನ್ ಹುರಿ ಬಿಡಿಸಿ. ಟಿವಿಯ ಹಿಂದೆ 50 ಮಿಲಿಮೀಟರಿನ ಪೈಪೇ ಇರಲಿ, ಎಚ್‌ಡಿಎಂಐ ಕೇಬಲ್‌ನ ತುದಿ 25ರ ಪೈಪಿನ ತಿರುವು ದಾಟುವುದು ಕಷ್ಟ. ಕರೆಂಟಿನ ವೈರಿಗೂ ಈ ತಂತಿಗಳಿಗೂ ಒಂದೇ ಪೈಪು ಸಲ್ಲದು. ಆಂಪ್ಲಿಫೈಯರ್‌ಗೆ ಹೋಗುವ ಸಿಗ್ನಲ್ ತಂತಿ ಕರೆಂಟಿನ ಜತೆ ಉದ್ದಕ್ಕೂ ಓಡಿದರೆ ಸ್ಪೀಕರ್ ಗುಂಯ್‌ಗುಡುತ್ತದೆ.

ಕ್ಯಾಟ್ 6 ಕೇಬಲ್ ಕೊಳ್ಳುವಾಗ ತುದಿಯ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಕೆಂಪಿನ ಕೆಳಗೆ ಬೆಳ್ಳಿ ಬಣ್ಣ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅಲ್ಲೇ ವಾಪಸು ಕೊಡಿ. ಅಪ್ಪಟ ತಾಮ್ರದ್ದಾದರೆ 100 ಮೀಟರ್‌ವರೆಗೆ ಗಿಗಾಬಿಟ್ ವೇಗಕ್ಕೆ ಚಿಂತೆಯಿಲ್ಲ.

ಇನ್ನು ಏಲೂರಿನದೇ ಮಾತು. ಇದು ಪೆರಿಯಾರ್ ನದಿಯ ಕವಲುಗಳ ನಡುವಿನ ನೆಲ. 2018ರ ಆಗಸ್ಟಿನಲ್ಲಿ ಆ ನದಿ ಇಲ್ಲಿನ ಮನೆಗಳ ಒಳಗೇ ಬಂತು. ನೆರೆಮನೆಯವರನ್ನು ಕೇಳಿ, ನೀರು ಎಲ್ಲಿವರೆಗೆ ಏರಿತ್ತೆಂದು ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ. ರೂಟರ್, ಸ್ವಿಚ್, ಅವಕ್ಕೆ ಬೇಕಾದ ಬ್ಯಾಟರಿ ಇರುವ ಪೆಟ್ಟಿಗೆ ಮಹಡಿಯಲ್ಲಿರಲಿ. ಕೆಳಗಿನ ಕೋಣೆಗಳಿಗೆ ಪೈಪು ತಾರಸಿಯಿಂದ ಇಳಿಯಲಿ. ನೆಲದಡಿಯ ಪೈಪಿನಲ್ಲಿ ನಿಂತ ನೀರನ್ನು ಹೊರಹಾಕುವುದು ಸುಲಭವಲ್ಲ.

ಸಿಡಿಲೂ ಇದೆ. ಏಪ್ರಿಲ್-ಮೇಯಲ್ಲಿ, ಮತ್ತೆ ಹಿಂಗಾರಿನಲ್ಲಿ, ಹೊರಗಿನಿಂದ ಬರುವ ತಾಮ್ರದ ತಂತಿ ಸಿಡಿಲನ್ನು ಟಿವಿಯವರೆಗೆ ತಂದುಬಿಡುತ್ತದೆ. ಫೈಬರ್ ಗಾಜಿನದು, ಕರೆಂಟು ಹಾಯುವುದಿಲ್ಲ. ಆದರೆ ಅದನ್ನು ಹೊತ್ತು ಬರುವ ಉಕ್ಕಿನ ತಂತಿಯನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಬೇಕು. ಗೇಟಿನ ಕ್ಯಾಮೆರಾಕ್ಕೆ ಹೋಗುವ ಕೇಬಲ್‌ಗೆ ಸರ್ಜ್ ಪ್ರೊಟೆಕ್ಟರ್ ಬೇಕು. ಅರ್ಥಿಂಗ್ ಸರಿಯಿಲ್ಲದಿದ್ದರೆ ಅದೂ ನಿಷ್ಪ್ರಯೋಜಕ.

ಮೊದಲ ಪೈಪು ಹೋಮ್ ಥಿಯೇಟರಿಗಲ್ಲ, ಮಕ್ಕಳ ಓದುವ ಮೇಜಿಗೆ ಹೋಗಲಿ ಎಂಬುದು ನನ್ನ ಕಳಕಳಿಯ ಕೋರಿಕೆ. ಇಂಟರ್‌ನೆಟ್ ಬಳಕೆ ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗವೆಂದು ಕೇರಳ ಹೈಕೋರ್ಟ್ 2019ರಲ್ಲೇ ಹೇಳಿತು, ಅದೂ ಹಾಸ್ಟೆಲಿನಲ್ಲಿ ಮೊಬೈಲ್ ಬಳಕೆಗೆ ನಿರ್ಬಂಧ ಹಾಕಿದ್ದನ್ನು ಪ್ರಶ್ನಿಸಿದ ವಿದ್ಯಾರ್ಥಿನಿಯ ಪ್ರಕರಣದಲ್ಲಿ. ಬಡ ಕುಟುಂಬಗಳಿಗೂ ಇಂಟರ್‌ನೆಟ್ ತಲುಪಿಸಲು ರಾಜ್ಯದ ಕೆ-ಫೋನ್ ಜಾಲ 2023ರ ಜೂನ್ 5ರಂದು ಉದ್ಘಾಟನೆಯಾಯಿತು. ಇಷ್ಟೆಲ್ಲ ದಾಟಿ ಬಂದ ಫೈಬರ್ ನಿಮ್ಮ ಹಜಾರದಲ್ಲೇ ನಿಂತು, ಎರಡು ಗೋಡೆಯಾಚೆ ಮಗಳು ವೈಫೈ ಸಿಗದೆ ಮೆಟ್ಟಿಲ ಮೇಲೆ ಕೂತು ಓದುವಂತಾಗಬಾರದು.

ಕಾಂಕ್ರೀಟಿನ ಹಿಂದಿನ ಸಂಜೆ ಪೈಪುಗಳ ಪಕ್ಕ ಅಳತೆಯ ಟೇಪ್ ಹಿಡಿದು ಫೋಟೋ ತೆಗೆದಿಡಿ. ಮುಂದೆ ಡ್ರಿಲ್ ಹಿಡಿದು ಬರುವ ವೈರ್‌ಮನ್‌ಗೆ ಅದು ಬೇಕಾಗುತ್ತದೆ.

ಇತಿ,
ನಿಮ್ಮ ಹಿತೈಷಿ