ಸುತ್ತ ನಿಂತವರಿಗೊಂದು ಬಹಿರಂಗ ಪತ್ರ

ಬನ್ನೂರಿನಲ್ಲೂ ಸುತ್ತಮುತ್ತಲ ಹಳ್ಳಿಗಳಲ್ಲೂ ಯಾರೇ ಬಿದ್ದರೂ ಓಡಿಬಂದು ಸುತ್ತುವರಿಯುವ ಮಹನೀಯರೆ,

ಮೊದಲು ನಿಮ್ಮ ವೇಗಕ್ಕೆ ಅಭಿನಂದನೆ. 2008ರಲ್ಲಿ ರಾಜ್ಯಕ್ಕೆ ಬಂದ 108 ಆಂಬುಲೆನ್ಸಿಗೆ ಡೀಸೆಲ್ ಬೇಕು, ದಾರಿ ಬೇಕು. ನಿಮಗೆ ಒಂದು ‘ಅಯ್ಯೋ’ ಸಾಕು.

ನಿಮ್ಮ ವೈದ್ಯವೂ ಅಷ್ಟೇ ಚುರುಕು. ಫಿಟ್ಸ್ ಬಂದವನ ಕೈಗೆ ಬೀಗದ ಕೈ ಗೊಂಚಲು ತುರುಕುತ್ತೀರಿ. ಅವನನ್ನು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನೂ ಹಾಕದೆ, ಗಡಿಯಾರ ನೋಡುತ್ತ ಕೂತರೆ ಆಯಿತು; ಐದು ನಿಮಿಷ ದಾಟಿದರೆ ಆಸ್ಪತ್ರೆ. ಆದರೆ ಸುಮ್ಮನೆ ಕೂರುವುದು ನಿಮ್ಮ ಜಾಯಮಾನವಲ್ಲವಲ್ಲ! ಸುಟ್ಟ ಕೈ ಇಪ್ಪತ್ತು ನಿಮಿಷ ನಲ್ಲಿ ನೀರು ಕೇಳಿದರೆ ನೀವು ಟೂತ್‌ಪೇಸ್ಟ್ ಬಳಿಯುತ್ತೀರಿ.

ಗದ್ದೆ ಬದುವಿನಲ್ಲಿ ಕೊಳಕುಮಂಡಲ ಕಚ್ಚಿತೆನ್ನಿ. ಒಬ್ಬರು ಪಂಚೆ ಹರಿದು ಬಿಗಿಯುತ್ತೀರಿ, ಒಬ್ಬರು ಬ್ಲೇಡು ಹುಡುಕುತ್ತೀರಿ, ಉಳಿದವರು ಮಂತ್ರ ಹಾಕುವವರ ಮನೆಗೆ ದಾರಿ ಹೇಳುತ್ತೀರಿ. ಬಿಗಿದ ಕಟ್ಟು ಕಾಲಿಗೆ ರಕ್ತ ಹೋಗಗೊಡದು; ಆ ವಿಷ ರಕ್ತ ಹೆಪ್ಪುಗಟ್ಟಲು ಬಿಡದು, ಬ್ಲೇಡಿನ ಗಾಯ ಸುರಿಯುತ್ತಲೇ ಇರುತ್ತದೆ. ಕಾಲುಂಗುರ ತೆಗೆದು, ಕಾಲು ಅಲುಗದಂತೆ ಮಲಗಿಸಿ, ಪ್ರತಿವಿಷ ಇರುವ ಆಸ್ಪತ್ರೆಗೆ ಸಾಗಿಸಿದರೆ ನಿಮ್ಮ ಕೆಲಸ ಮುಗಿಯಿತು. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು 2024ರಲ್ಲಿ ಸರ್ಕಾರ ಹೇಳಿದೆ. ಮಂತ್ರದ ಮನೆಯಲ್ಲೇ ಮುಗಿದವರು ಆ ಲೆಕ್ಕಕ್ಕೂ ಸಿಗುವುದಿಲ್ಲ.

ಇನ್ನು ಕಾವೇರಿಯಲ್ಲಿ ಮುಳುಗಿದವರ ಮಾತು. 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ನೀರಿನಲ್ಲಿ ಮುಳುಗಿ ಸತ್ತ ಬಾಲಕ ಬದುಕಿ ಬರುತ್ತಾನೆಂದು ಮೊಬೈಲಿನ ಸಂದೇಶ ನಂಬಿ, ದೇಹವನ್ನು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿಟ್ಟು ಕಾದರು. ಕಾದ ಹೆತ್ತವರನ್ನು ಅನ್ನಲು ಬಾಯಿ ಬಾರದು. ಅದನ್ನು ಫಾರ್ವರ್ಡ್ ಮಾಡಿದ ಪುಣ್ಯಾತ್ಮರು ಮಾತ್ರ ಈಗ ಇನ್ನೊಂದು ಮದ್ದು ಕಳಿಸುತ್ತಿರಬಹುದು. ಮುಳುಗಿದವನನ್ನು ಮೇಲೆತ್ತಿದಾಗ ಉಸಿರಿಲ್ಲದಿದ್ದರೆ ಆ ಕ್ಷಣವೇ ಬಾಯಿಂದ ಉಸಿರು ಊದಬೇಕು. ಎದೆಯ ನಡುವೆ ಎರಡು ಇಂಚು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಒಬ್ಬರೇ ಒತ್ತಿದರೆ ಬೇಗ ಸೋಲುತ್ತಾರೆ. ಸರದಿಗೆ ಜನ ಬೇಕು. ಆ ಜನ ಊರಲ್ಲಿ ಬೇರೆ ಯಾರಿದ್ದಾರೆ, ನಿಮ್ಮನ್ನು ಬಿಟ್ಟರೆ?

ಪೊಲೀಸ್ ಠಾಣೆಗೆ ಅಲೆಯಬೇಕೆಂಬ ಹೆದರಿಕೆಯೆ? ರಸ್ತೆ ಅಪಘಾತದಲ್ಲಿ ನೆರವಾದವರನ್ನು ಹೆಸರು ಹೇಳೆಂದು ಬಲವಂತ ಮಾಡುವಂತಿಲ್ಲವೆಂದು 2020ರಲ್ಲೇ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿದೆ.

ಆದ್ದರಿಂದ ಗುಂಪು ಸೇರಬೇಡಿ ಎನ್ನಲಾರೆ, ಹೇಳಿದರೂ ಕೇಳುವವರಲ್ಲ. ಒಂದು ಮಧ್ಯಾಹ್ನ ತರಬೇತಿ ಪಡೆದು ಬಂದು ಸೇರಿ. ವಿಡಿಯೊ ತೆಗೆಯುವವರಿಗೂ ಒಂದು ಸುದ್ದಿ: 108ಕ್ಕೆ ಅದೇ ಫೋನಿನಿಂದ ಕರೆ ಹೋಗುತ್ತದೆ.

ಇಂತಿ,
ಮುಂದೊಂದು ದಿನ ನಿಮ್ಮ ನಡುವೆಯೇ ಬೀಳಲಿರುವವ