ಬಾವುಟಭೇದ ವಿಚಾರ

ಜೀವಿಗಳನ್ನು ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜ ಎಂದು ನಾಲ್ಕಾಗಿ ವಿಂಗಡಿಸಿದ ಪೂರ್ವಾಚಾರ್ಯರು ಬಾವುಟದ ತಂಟೆಗೆ ಹೋಗಲಿಲ್ಲ. ಆ ಕೊರತೆ ತುಂಬುವುದೇ ಈ ಗ್ರಂಥದ ಪ್ರಯೋಜನ. ಇದನ್ನು ಓದಲು ಅಧಿಕಾರಿ ಯಾರೆಂದರೆ, ಆಗಸ್ಟ್ 14ರ ರಾತ್ರಿ ಹಗ್ಗ ಹುಡುಕುವವನು.

ಹುಟ್ಟನ್ನು ಹಿಡಿದು ನೋಡಿದರೆ ತ್ರಿವರ್ಣವೂ ನಾಲ್ಕು ಬಗೆ: ಚರಕಜ, ಯಂತ್ರಜ, ಕಾಗದಜ, ಪ್ಲಾಸ್ಟಿಕಜ. ಇವುಗಳಲ್ಲಿ ಚರಕಜವು ಕುಲೀನ. ಧಾರವಾಡದ ಗರಗ, ಬಾಗಲಕೋಟೆ ಕಡೆಯ ತುಳಸಿಗೇರಿಗಳಲ್ಲಿ ನೇಯ್ದ ಖಾದಿ ಹುಬ್ಬಳ್ಳಿಯ ಬೆಂಗೇರಿ ಸೇರಿ, 24 ಅರೆಗಳ ಚಕ್ರ ಹೊತ್ತು ಬಾವುಟವಾಗುತ್ತದೆ. ಅಧಿಕೃತ ಅಳತೆ ಒಂಬತ್ತು. ಹಿರಿಯದು 6300 × 4200 ಮಿಲಿಮೀಟರ್, ಕಿರಿಯದು ಮೇಜಿನ ಮೇಲೆ ಕೂರುವ 150 × 100. ಗಾತ್ರ ಯಾವುದಾದರೂ ಉದ್ದಗಲ 3:2 ತಪ್ಪುವಂತಿಲ್ಲ. ಯಂತ್ರಜಕ್ಕೆ, ಅಂದರೆ ಪಾಲಿಸ್ಟರಿಗೆ, ಧ್ವಜಸಂಹಿತೆಯ 2021ರ ಡಿಸೆಂಬರ್ 30ರ ತಿದ್ದುಪಡಿಯಲ್ಲಿ ಉಪನಯನವಾಯಿತು. ಗ್ರಂಥಕರ್ತನಿಗೆ ಅದು ಹಿಡಿಸಿಲ್ಲ. ಶಾಸ್ತ್ರದಲ್ಲಿ ರಾಗದ್ವೇಷ ಸಲ್ಲದಾದ್ದರಿಂದ ಮಾತು ಇಲ್ಲಿಗೇ ನಿಲ್ಲಿಸಿದೆ.

ಕಾಗದಜಕ್ಕೆ ಅವಸ್ಥೆಗಳು ಮೂರು. ಬೆಳಗ್ಗೆ ಮಗುವಿನ ಮುಷ್ಟಿಯಲ್ಲಿ, ಮಧ್ಯಾಹ್ನ ಲಾಡು ತಿಂದ ಕೈ ಒರೆಸಿಕೊಂಡ ಜೇಬಿನಲ್ಲಿ, 16ರಂದು ಮೋರಿಯಂಚಿನಲ್ಲಿ. ಮೂರನೆಯದನ್ನು ಧ್ವಜಸಂಹಿತೆ ಒಪ್ಪುವುದಿಲ್ಲ. ನೆಲಕ್ಕೆಸೆಯದೆ ಮರೆಯಲ್ಲಿ, ಮರ್ಯಾದೆಯಿಂದ ವಿಲೇವಾರಿ ಮಾಡಬೇಕು. ಪ್ಲಾಸ್ಟಿಕಜವು 2022ರ ಜುಲೈ 1ರಿಂದ ಬಹಿಷ್ಕೃತ. ಬಹಿಷ್ಕೃತವಾದದ್ದು ಸಿಗ್ನಲ್ಲಿನಲ್ಲಿ ಸಿಗುತ್ತದೆ ಎಂಬುದು ಪ್ರತ್ಯಕ್ಷ ಪ್ರಮಾಣ.

ಇನ್ನು ವಾಹನಸ್ಥ ಬಾವುಟ. ರಾಷ್ಟ್ರಪತಿ, ರಾಜ್ಯಪಾಲ, ಮಂತ್ರಿ ಮುಂತಾಗಿ ಅಧಿಕಾರವುಳ್ಳವರ ಪಟ್ಟಿಯಿದೆ. ಸೋದರಮಾವನ ಬೊಲೆರೊ ಅದರಲ್ಲಿಲ್ಲ.

ಆರೋಹಣ ಪ್ರಕರಣ. ಚುರುಕಾಗಿ ಏರಿಸು, ನಿಧಾನವಾಗಿ ಗೌರವದಿಂದ ಇಳಿಸು ಎಂದು ಸಂಹಿತೆ. ಲೋಕದಲ್ಲಿ ಇದು ತಿರುಗುಮುರುಗು: ಏರುವಾಗ ಗಂಟು ಬಿಚ್ಚದು, ಇಳಿಯುವಾಗ ನೋಡುವವರಿಲ್ಲ. ಗಂಟು ಎರಡು ವಿಧ. ಒಂದೇ ಎಳೆತಕ್ಕೆ ಹೂವಿನ ಪಕಳೆ ಸುರಿಸುವುದು ಸುಮುಖ; ಅದರ ಕೀರ್ತಿ ಮುಖ್ಯ ಅತಿಥಿಗಳಿಗೆ. ಅವರು ಜೋತುಬಿದ್ದರೂ ಬಿಚ್ಚದ್ದು ದುರ್ಮುಖ. ಅದರ ಅಪಕೀರ್ತಿ ಪಿ.ಟಿ. ಮೇಷ್ಟ್ರಿಗೆ. ಎರಡನ್ನೂ ಕಟ್ಟಿದವರು ಅವರೇ ಎಂಬುದನ್ನು ಮೊದಲನೆಯ ಸಂದರ್ಭದಲ್ಲಿ ಯಾರೂ ನೆನೆಯುವುದಿಲ್ಲ.

ಕೊನೆಯದು ಮಹಡಿಸ್ಥ. 2022ರ ಜುಲೈ ತಿದ್ದುಪಡಿಯ ಮೇಲೆ ಮನೆಯ ಬಾವುಟ ಹಗಲೂ ರಾತ್ರಿಯೂ ಹಾರಬಹುದು. ಹೀಗಾಗಿ ಈ ಜಾತಿ ದಸರಾ ದಾಟಿ, ದೀಪಾವಳಿ ದಾಟಿ, ಕೇಸರಿ ಮಾಸಿ, ಹಸಿರು ಬಿಳಿಚಿ, ಬಿಳಿ ಕಪ್ಪಾಗಿ, ಅಂಚು ಎಳೆಎಳೆಯಾಗಿ ನೀರಿನ ಟ್ಯಾಂಕಿನ ಪಕ್ಕ ತಪಸ್ಸಿಗೆ ನಿಲ್ಲುತ್ತದೆ.

ಪೂರ್ವಪಕ್ಷ: "ರಾತ್ರಿಯೂ ಇರ್ಲಿ ಅಂತ ಕಾನೂನೇ ಹೇಳಿದ್ಯಲ್ಲ ಸಾರ್." ಸಿದ್ಧಾಂತ: ರಾತ್ರಿ ಇರಬಹುದು, ಹರಿದದ್ದು ಹಗಲಲ್ಲೂ ಇರಬಾರದು. ಹಾಳಾದ ಬಾವುಟವನ್ನು ಇಡಿಯಾಗಿ, ಏಕಾಂತದಲ್ಲಿ, ಆದಷ್ಟೂ ಸುಟ್ಟೇ ಮುಗಿಸತಕ್ಕದ್ದು. ಇಷ್ಟಕ್ಕೆ ಪೂರ್ವಪಕ್ಷಿ ಸೋಲೊಪ್ಪುತ್ತಾನೆ. ಅದನ್ನು ಇಳಿಸಲು ಯಾರು ಹತ್ತಬೇಕು, ಬಾಡಿಗೆಯವನೋ ಮಾಲೀಕನೋ ಎಂಬುದರಲ್ಲಿ ಮಾತ್ರ ಆಚಾರ್ಯರಿಗೆ ಭಿನ್ನಾಭಿಪ್ರಾಯವಿದೆ.